ಹೆಣಗಿಸು, ಬೀಳಿಸಬೇಡ

ಕುಸ್ತಿ ಇದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಎರಡೂವರೆಗೇ ಅನುವಾದಕಿಯ ಅಂಗೈ ಬೆವರಿ, ಹಿಡಿದಿದ್ದ ನೋಟುಬುಕ್ಕಿನ ರಟ್ಟು ಮೆತ್ತಗಾಗಿತ್ತು. ಏಳು ವರ್ಷದಿಂದ ಅವಳು ಈ ರೇಡಿಯೋ ನಿಲಯದ ಎರಡನೇ ಮಹಡಿಯಲ್ಲಿ ಕೂತು ಇಂಗ್ಲಿಷ್ ಸುದ್ದಿ, ಸೋಪಿನ ಜಾಹೀರಾತು, ಹವಾಮಾನದ ನಾಲ್ಕು ಸಾಲು ಎಲ್ಲವನ್ನೂ ನಮ್ಮ ಮಾತಿಗೆ ತಿರುಗಿಸಿಕೊಟ್ಟವಳು. ಬರೆಯುವುದು ಇವಳು, ಓದಿ ಹೆಸರು ಮಾಡುವವರು ಬೇರೆಯವರು. ಅವಳ ಸ್ವಂತ ದನಿ ಒಂದು ಸಲವೂ ಗಾಳಿಗೆ ಹೋಗಿರಲಿಲ್ಲ. ಇವತ್ತು ಹೋಗಬೇಕಿತ್ತು.

ಕುಸ್ತಿಯ ವೀಕ್ಷಕ ವಿವರಣೆಯನ್ನು ಮೂವತ್ತು ವರ್ಷ ಕೊಟ್ಟವನು ಗಂಟಲಜ್ಜ. ಅವನ ದನಿ ಕೇಳಿದರೆ ಕೇಳಿದವರ ಮೈ ಬಿಸಿಯಾಗುತ್ತಿತ್ತು. ಅಜ್ಜ ಅಖಾಡದ ಅಂಚಿನಲ್ಲೇ ಕೂತಿರುತ್ತಾನೆ, ಪೈಲ್ವಾನರ ಬೆವರು ಅವನ ಕನ್ನಡಕಕ್ಕೆ ಸಿಡಿಯುತ್ತದೆ ಎಂದೇ ಊರೆಲ್ಲ ನಂಬಿತ್ತು. ನಿಜ ಗೊತ್ತಿದ್ದದ್ದು ನಿಲಯದ ಐದಾರು ಜನರಿಗೆ ಮಾತ್ರ. ಅಜ್ಜ ಕೂರುತ್ತಿದ್ದದ್ದು ಎಂಟಡಿ ಅಗಲ, ಹತ್ತಡಿ ಉದ್ದದ ಕೋಣೆಯಲ್ಲಿ. ಗೋಡೆಗೆ ದಪ್ಪ ಬಟ್ಟೆ, ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ಕಿರುಗುಟ್ಟುವ ಫ್ಯಾನು. ದೂರದ ಕ್ರೀಡಾಂಗಣದಿಂದ ಇಂಗ್ಲಿಷ್ ವಿವರಣೆಗಾರನೊಬ್ಬನ ದನಿ ಟೆಲಿಫೋನ್ ಲೈನಿನಲ್ಲಿ ಅವನ ಕಿವಿಗೆ ಬರುತ್ತಿತ್ತು. ಅಜ್ಜ ಅದನ್ನು ಎರಡು ಸೆಕೆಂಡಿನಲ್ಲಿ ನುಂಗಿ, ಕಣ್ಣಾರೆ ಕಂಡವನಂತೆ ನಮ್ಮ ಮಾತಿನಲ್ಲಿ ಹೊರಹಾಕುತ್ತಿದ್ದ. ಗಾಜಿನಾಚೆ ಕೂತ ತಂತ್ರಜ್ಞ, ಎಲ್ಲರ ಬಾಯಲ್ಲಿ ಗುಂಡಿಯಣ್ಣ, ಜನರ ಕೂಗಾಟದ ಟೇಪನ್ನು ಹಿಂದಿನಿಂದ ಏರಿಸಿ ಇಳಿಸುತ್ತಿದ್ದ. ಊಟಕ್ಕೆ ಉಪ್ಪು ಹಾಕಿದಷ್ಟೇ ಲೆಕ್ಕ ಎನ್ನುತ್ತಿದ್ದ ಅವನು.

ಈಗ ಅಜ್ಜ ಗಂಟಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆ ಸೇರಿದ್ದಾನೆ. ಅವನ ಜಾಗಕ್ಕೆ ಯಾರೂ ಬೇಡ, ಇಂಗ್ಲಿಷ್ ವಿವರಣೆಯನ್ನೇ ನೇರ ಬಿಟ್ಟರಾಯಿತು, ಈಗ ಯಾರಿಗೆ ಇಂಗ್ಲಿಷ್ ಬರುವುದಿಲ್ಲ ಎಂದ ಮ್ಯಾನೇಜರ್. ಅನುವಾದಕಿ ಮೂರು ದಿನ ಅವನ ಬಾಗಿಲಲ್ಲಿ ನಿಂತು ಪೀಡಿಸಿ ಈ ಒಂದು ಕುಸ್ತಿಯನ್ನು ಕೇಳಿ ಪಡೆದಿದ್ದಳು. ಚೆನ್ನಾಗಿ ಬಂದರೆ ನಮ್ಮ ಮಾತಿನ ವಿವರಣೆ ಉಳಿಯುತ್ತದೆ, ಇಲ್ಲದಿದ್ದರೆ ಬರುವ ಭಾನುವಾರದಿಂದ ಬರೀ ಇಂಗ್ಲಿಷ್. ಹತ್ತು ಸೆಕೆಂಡಿಗಿಂತ ಹೆಚ್ಚು ಮೌನವಾದರೆ ಅಲ್ಲೇ ಕತ್ತರಿಸಿ ಹಾಡು ಹಾಕುತ್ತೇನೆ ಎಂದೂ ಮ್ಯಾನೇಜರ್ ಹೇಳಿದ್ದ. ಕೆಟ್ಟವನೇನಲ್ಲ, ಆದರೆ ಅವನಿಗೆ ಮೌನವೆಂದರೆ ಮನೆಗೆ ಬೆಂಕಿ ಬಿದ್ದಷ್ಟು ಭಯ.

ಅವಳಿಗೆ ಇದು ಬರೀ ಆಫೀಸಿನ ವಿಷಯವಾಗಿರಲಿಲ್ಲ. ಇವತ್ತು ಸೆಮಿಫೈನಲ್ಲಿಗೆ ಇಳಿಯುತ್ತಿದ್ದವಳು ಅವಳ ನಾದಿನಿ. ಎಪ್ಪತ್ತಾರು ಕಿಲೋ ತೂಕದ ಆ ಹುಡುಗಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು, ಯಾರು ಇಟ್ಟರೋ ಅವರ ಧೈರ್ಯವನ್ನು ಮೆಚ್ಚಬೇಕು. ಗುಬ್ಬಿಯ ತಾಯಿ, ಅಂದರೆ ಇವಳ ಅತ್ತೆ, ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮುಖ್ಯಸ್ಥೆ. ಇಪ್ಪತ್ತು ಇಸ್ತ್ರಿಪೆಟ್ಟಿಗೆಗಳ ಹಬೆಯ ನಡುವೆ ಕಪಾಟಿನ ಮೇಲೊಂದು ರೇಡಿಯೋ. ಆರು ವರ್ಷದಿಂದ ಮಗಳ ಒಂದೊಂದು ಕುಸ್ತಿಯನ್ನೂ ಅತ್ತೆ ಕೇಳಿದ್ದು ಅಲ್ಲೇ, ಗಂಟಲಜ್ಜನ ಬಾಯಲ್ಲೇ. ಅತ್ತೆಗೆ ಎಸ್, ನೋ ಬಿಟ್ಟರೆ ಇಂಗ್ಲಿಷ್ ಬರದು. ಬರೀ ಇಂಗ್ಲಿಷ್ ಆದರೆ ಮಗಳ ಕುಸ್ತಿ ಅವಳಿಗೆ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ: ಸದ್ದು ಕೇಳುತ್ತದೆ, ಒಡೆದದ್ದೇನು ಎಂದು ತಿಳಿಯುವುದಿಲ್ಲ.

ಹಾಗಾಗಿ ಅವಳು ತಯಾರಿ ಮಾಡಿದ ಬಗೆಯೇ ಬೇರೆ. ಹಳೆಯ ಟೇಪುಗಳನ್ನು ಕೇಳಿ ಕೇಳಿ, ಇಂಗ್ಲಿಷ್ ವಿವರಣೆಗಾರ ಬಳಸುವ ಒಂದೊಂದು ಕ್ರಿಯಾಪದವನ್ನೂ ನೋಟುಬುಕ್ಕಿನ ಎಡಗಡೆ ಬರೆದಳು. ಸ್ಟ್ರಗಲ್, ರೆಸಲ್, ಟಸಲ್, ಸ್ಕಫಲ್, ಗ್ರ್ಯಾಪಲ್, ಸ್ಕ್ರ್ಯಾಂಬಲ್. ಆಮೇಲೆ ಸ್ಟ್ರೈನ್, ಸ್ಟ್ರೈವ್, ಸ್ಕ್ವರ್ಮ್, ಫ್ಲೌಂಡರ್. ಆ ಮನುಷ್ಯನಿಗೆ ಒಂದು ಪದವನ್ನು ಎರಡು ಸಲ ಹೇಳಿದರೆ ನಾಲಿಗೆ ಸವೆಯುತ್ತದೆ ಎಂಬ ಹೆದರಿಕೆ ಇದ್ದಿರಬೇಕು. ಆಫೀಸಿನ ನಿಘಂಟು ತೆಗೆದು ನೋಡಿದರೆ ಅಷ್ಟಕ್ಕೂ ಒಂದೇ ಉತ್ತರ: ಹೋರಾಡು. ಹತ್ತು ಮಕ್ಕಳಿಗೆ ಒಂದೇ ಅಂಗಿ ಹೊಲಿಸಿದ ಹಾಗಿತ್ತು. ಅವಳಿಗೆ ಸಿಟ್ಟು ಬಂತು. ನಿಘಂಟನ್ನು ಮುಚ್ಚಿ ಕಿವಿ ತೆರೆದಳು. ಬಸ್ಸಿನ ಬಾಗಿಲಲ್ಲಿ ಜನ ನೂಕಾಡುವುದನ್ನು, ಮೆಟ್ಟಿಲಲ್ಲಿ ಬೀರು ಹೊತ್ತವರು ತಿಣುಕುವುದನ್ನು, ಸ್ನಾನ ಬೇಡವೆಂದು ಮಗು ತಾಯಿಯ ಕೈಯಲ್ಲಿ ಕೊಸರಾಡುವುದನ್ನು ನೋಡಿ ನೋಡಿ ಬರೆದುಕೊಂಡಳು. ಬಲಗಡೆ ತುಂಬುತ್ತ ಹೋಯಿತು. ಸೆಣಸು, ಹೆಣಗು, ಏಗು, ಜಗ್ಗಾಡು, ಗುದ್ದಾಡು, ಒದ್ದಾಡು, ಮಿಸುಕಾಡು, ಪರದಾಡು, ತೊಳಲಾಡು. ನಮ್ಮವರು ಒದ್ದಾಡುವುದರಲ್ಲೂ ಒಂದು ಆಟ ಸೇರಿಸಿಕೊಂಡಿದ್ದಾರೆ ಎಂದು ಅವಳಿಗೆ ನಗು ಬಂತು. ಕೊನೆಗೆ ಎಡಗಡೆಯ ಇಂಗ್ಲಿಷಿಗೇ ಪದಗಳು ಸಾಲದಾದವು.

ಹಿಂದಿನ ದಿನ ಅವಳು ಗಂಟಲಜ್ಜನ ಮನೆಗೂ ಹೋಗಿಬಂದಿದ್ದಳು. ಅವನು ಮಾತಾಡುವಂತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸಿದ. ಲೈನ್ ಆಗಾಗ ಹೋಗುತ್ತದೆ. ಹೋದರೆ ಹೆದರಬೇಡ. ಹೆಣಗಿಸು, ಬೀಳಿಸಬೇಡ, ಏಳಿಸಬೇಡ. ಅಂದರೆ ಲೈನ್ ಮರಳುವ ತನಕ ಇಬ್ಬರನ್ನೂ ಒಂದೇ ಪಟ್ಟಿನಲ್ಲಿ ಹಿಡಿದಿಟ್ಟು ಮಾತಿನಲ್ಲೇ ಏಗಿಸುತ್ತಿರಬೇಕು. ನೀನು ಬೀಳಿಸಿದವಳು ಅಲ್ಲಿ ನಿಂತಿದ್ದರೆ ಮಾನ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತೀರಾ ಹೊತ್ತಾದರೆ ಶೂ ಲೇಸು ಬಿಚ್ಚಿಸು, ರೆಫರಿ ಆಟ ನಿಲ್ಲಿಸುತ್ತಾನೆ. ಮತ್ತೆ ಕೊನೆಯದಾಗಿ, ಆ ಫೋನಿನ ಬಾಯಿಗೆ ನಾನು ಬಟ್ಟೆ ಕಟ್ಟಿದ್ದೇನೆ, ಬಿಚ್ಚಬೇಡ. ನಾವು ಕೇಳುವವರು, ಆ ಕಡೆಯವನ ಹತ್ತಿರ ಮಾತಾಡುವವರಲ್ಲ. ಇಷ್ಟನ್ನೂ ಬರೆದು ಅಳಿಸಿ, ಅಜ್ಜ ಅವಳ ತಲೆ ಸವರಿ ಕಳಿಸಿದ್ದ.

ಮೂರಕ್ಕೆ ಕೆಂಪು ದೀಪ ಹತ್ತಿತು. ಮೊದಲ ವಾಕ್ಯದಲ್ಲಿ ಅವಳ ದನಿ ಮೇಕೆಮರಿಯದಾಗಿತ್ತು. ಎರಡನೆಯದರಲ್ಲಿ ಅವಳದೇ ಆಯಿತು. ಮೂರನೆಯದರಲ್ಲಿ ಅವಳು ಕೋಣೆಯನ್ನು ಮರೆತಳು. ಗುಬ್ಬಿಗೆ ನೀಲಿ ಉಡುಪು, ಎದುರಾಳಿಗೆ ಕೆಂಪು. ಕಿವಿಯಲ್ಲಿ ಇಂಗ್ಲಿಷ್ ಸುರಿಯುತ್ತಿತ್ತು, ಬಾಯಲ್ಲಿ ನಮ್ಮ ಮಾತು ಉಕ್ಕುತ್ತಿತ್ತು, ನೋಟುಬುಕ್ ಮುಚ್ಚಿಯೇ ಇತ್ತು. ಕೆಂಪು ಕಾಲಿಗೆ ಕೈ ಹಾಕಿದಳು, ನೀಲಿ ಕೊಸರಿಕೊಂಡಳು. ತೋಳಿಗೆ ತೋಳು ಸಿಕ್ಕಿಸಿ ಇಬ್ಬರೂ ಜಗ್ಗಾಡಿದರು. ಕೆಂಪು ನೂಕಿದಳು, ನೀಲಿ ಹಲ್ಲು ಕಚ್ಚಿ ನಿಂತಳು. ಗುಂಡಿಯಣ್ಣ ಗಾಜಿನಾಚೆ ಕುರ್ಚಿಯಿಂದ ಅರ್ಧ ಎದ್ದಿದ್ದ. ಅವನು ಜನರ ಕೂಗಾಟವನ್ನು ಏರಿಸಿದ ಹಾಗೆಲ್ಲ ಅವಳ ರಕ್ತವೂ ಏರುತ್ತಿತ್ತು. ಏಳು ವರ್ಷ ಸೋಪಿನ ನೊರೆಯನ್ನು ಬಣ್ಣಿಸಿದವಳಿಗೆ ಇಂಥ ಸುಖ ಎಲ್ಲಿ ಸಿಕ್ಕಿತ್ತು. ಮ್ಯಾನೇಜರ್ ಕೈಕಟ್ಟಿ ನಿಂತಿದ್ದವನು ಕೈ ಬಿಚ್ಚಿದ. ಮೊದಲ ಸುತ್ತು ಮುಗಿದಾಗ ಗುಬ್ಬಿ ಎರಡು ಅಂಕ ಹಿಂದಿದ್ದಳು. ಆದರೆ ಅವಳ ಅತ್ತಿಗೆ ಗೆಲ್ಲುತ್ತಿದ್ದಳು.

ಎರಡನೇ ಸುತ್ತಿನಲ್ಲಿ ಒಂದು ನಿಮಿಷ ಕಳೆದಿತ್ತು. ಗುಬ್ಬಿ ಕೆಳಗೆ, ಕೆಂಪು ಮೇಲೆ. ಕೆಂಪಿನ ತೋಳು ಗುಬ್ಬಿಯ ಕಂಕುಳ ಕೆಳಗೆ ತೂರುತ್ತಿದೆ ಎಂಬಲ್ಲಿಗೆ ಕಿವಿಯಲ್ಲಿ ಟಿಕ್ ಎಂದಿತು. ಆಮೇಲೆ ಏನೂ ಇಲ್ಲ.

ಲೈನ್ ಹೋಗಿತ್ತು. ಅವಳು ಗಾಜಿನತ್ತ ನೋಡಿದಳು. ಗುಂಡಿಯಣ್ಣ ಆಗಲೇ ಇನ್ನೊಂದು ಫೋನಿಗೆ ಬಿದ್ದು ಯಾರನ್ನೋ ಬೈಯುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಸುತ್ತು ಮುಗಿಯಲು ಎರಡು ನಿಮಿಷವಿತ್ತು. ಅವಳು ಉಸಿರೆಳೆದುಕೊಂಡು ಹೆಣಗಿಸಲು ಶುರುಮಾಡಿದಳು. ನೀಲಿ ಹೆಣಗುತ್ತಿದ್ದಾಳೆ, ಕೆಂಪು ಬಿಡುತ್ತಿಲ್ಲ. ನೀಲಿ ಮೊಣಕೈ ಊರಿ ತಿಣುಕುತ್ತಿದ್ದಾಳೆ. ಸೊಂಟ ಮಿಸುಕಾಡುತ್ತಿದೆ. ಕೆಂಪು ಬಿಗಿಯುತ್ತಿದ್ದಾಳೆ, ನೀಲಿ ಕೊಸರಾಡುತ್ತಿದ್ದಾಳೆ. ಬಸ್ಸಿನ ಬಾಗಿಲು, ಬೀರು, ಸ್ನಾನ ಬೇಡವೆಂದ ಮಗು, ಎಲ್ಲ ಸಹಾಯಕ್ಕೆ ಬಂದವು. ಒಂದು ಪದವೂ ಎರಡು ಸಲ ಬರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಯಾರೂ ಬೀಳದ, ಯಾರೂ ಏಳದ ಕುಸ್ತಿಯನ್ನು ಅವಳು ಎರಡು ನಿಮಿಷ ಎಳೆದಳು. ಮ್ಯಾನೇಜರ್ ಹೆಬ್ಬೆರಳೆತ್ತಿ ತೋರಿಸಿದ. ಲಾಂಡ್ರಿಯಲ್ಲಿ ಅತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಹಿಡಿದು ಉಸಿರು ಕಟ್ಟಿ ನಿಂತಿರುತ್ತಾಳೆ ಎಂದು ನೆನಪಾದಾಗ ಮಾತ್ರ ಅವಳಿಗೆ ತನ್ನ ಮೇಲೆ ಹೇಸಿಗೆ ಅನಿಸಿತು.

ಗಡಿಯಾರ ತನ್ನ ಎರಡು ನಿಮಿಷ ಮುಗಿಸಿತು. ಲೈನ್ ಬರಲಿಲ್ಲ. ಸಮಯ ಮುಗಿದ ಮೇಲೆ ಯಾರನ್ನು ಎಷ್ಟು ಹೆಣಗಿಸುವುದು? ಅವಳು ಗುಬ್ಬಿಯ ಶೂ ಲೇಸು ಬಿಚ್ಚಿಸಿದಳು. ಹನ್ನೆರಡು ಸೆಕೆಂಡ್ ಉಳಿದಿರುವಾಗ ರೆಫರಿ ಆಟ ನಿಲ್ಲಿಸಿದ್ದಾನೆ, ನೀಲಿ ಬಗ್ಗಿ ಕಟ್ಟುತ್ತಿದ್ದಾಳೆ ಎಂದಳು. ಲೇಸು ಕಟ್ಟಲು ಎಷ್ಟು ಹೊತ್ತು ಬೇಕು. ಮೌನದ ಸೆಕೆಂಡುಗಳು ಓಡತೊಡಗಿದವು. ಮೂರು, ನಾಲ್ಕು, ಐದು. ಮ್ಯಾನೇಜರನ ಕೈ ಹಾಡಿನ ಗುಂಡಿಯ ಕಡೆ ಹೋಯಿತು. ಅವಳ ಬಾಯಿಗೆ ಶೂ ಒಂದೇ ಬಂತು.

ಆ ಶೂವಿಗೂ ಒಂದು ಕಥೆ ಇದೆ ಎಂದಳು. ಅಲ್ಲಿಂದ ಮುಂದೆ ಅವಳು ಹೇಳಿದ್ದೆಲ್ಲ ಅಪ್ಪಟ ನಿಜ. ಈ ಹುಡುಗಿ ಸೆಣಸುತ್ತಿರುವುದು ಇವತ್ತಿನಿಂದಲ್ಲ. ಮೊದಲ ವರ್ಷ ಅವಳ ತಾಯಿ ಈ ಶೂಗಳನ್ನು ಇಸ್ತ್ರಿಗೆ ಬಂದ ಪರದೆಗಳ ಕೆಳಗೆ ಬಚ್ಚಿಟ್ಟಿದ್ದಳು. ಮಗಳು ಬರಿಗಾಲಲ್ಲೇ ಅಭ್ಯಾಸಕ್ಕೆ ಹೋದಳು, ಹನ್ನೊಂದು ದಿನ. ಹನ್ನೆರಡನೇ ದಿನ ಶೂ ಬಾಗಿಲ ಬಳಿ ಇತ್ತು. ತೊಳೆದು, ಒಣಗಿಸಿ, ಲೇಸಿಗೂ ಇಸ್ತ್ರಿ ಹಾಕಿ ಇಡಲಾಗಿತ್ತು. ಆ ಮನೆಯಲ್ಲಿ ತಾಯಿಯೂ ಏಗುತ್ತಿದ್ದಳು, ಭಯದ ಜೊತೆ. ಮುರಿದ ಬೆರಳು, ಊದಿದ ಕಿವಿ, ಯಾರು ಏನಂದಾರು ಎಂಬ ಯೋಚನೆ, ಇವುಗಳ ಜೊತೆ ರಾತ್ರಿಯೆಲ್ಲ ತೊಳಲಾಡಿ, ಬೆಳಗ್ಗೆ ಮಗಳ ಊಟದ ಡಬ್ಬಿಗೆ ಇನ್ನೆರಡು ಮೊಟ್ಟೆ ಹೆಚ್ಚು ಹಾಕುತ್ತಿದ್ದಳು. ಮಾತು ಮನೆ ಕೆಡಿಸಿತು ಎಂಬ ಗಾದೆ ಅನುವಾದಕಿಗೆ ನೆನಪಾಗದೆ ಇರಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ. ಗುಂಡಿಯಣ್ಣ ಕಣ್ಣೊರೆಸಿಕೊಂಡ. ಮ್ಯಾನೇಜರನ ಕೈ ಗುಂಡಿಯ ಮೇಲಿಂದ ಸರಿಯಿತು.

ಆಗ ಲೈನ್ ಬಂತು. ಕಿವಿಯಲ್ಲಿ ಇಂಗ್ಲಿಷಿನವನು ಮೊದಲಿನಷ್ಟೇ ಉತ್ಸಾಹದಲ್ಲಿ ಕೂಗುತ್ತಿದ್ದ, ಆದರೆ ಯಾರೋ ಬೇರೆ ಇಬ್ಬರ ಬಗ್ಗೆ. ಮುಂದಿನ ಕುಸ್ತಿ ಶುರುವಾಗಿತ್ತು. ಗುಬ್ಬಿಯದು ಮುಗಿದೇಹೋಗಿತ್ತು. ಏನಾಯಿತೆಂದು ಅವನು ಹೇಳಿ ಆಗಿತ್ತು, ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಒಬ್ಬಳೇ ಹೆಂಗಸು ಲೇಸು ಕಟ್ಟಿಸುತ್ತ ಕೂತಿದ್ದಳು.

ಅವಳು ಗಾಜಿನತ್ತ ಕೈಯಾಡಿಸಿ ಸನ್ನೆ ಮಾಡಿದಳು. ಮ್ಯಾನೇಜರನಿಗೆ ಅರ್ಥವಾಯಿತು. ಒಂದು ಕಾಗದ ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಒತ್ತಿದ: ಸೋತಳು. ಅವನ ತರ್ಕ ಸರಿಯಾಗಿಯೇ ಇತ್ತು. ಎರಡು ಅಂಕ ಹಿಂದೆ, ಕೆಳಗೆ ಸಿಕ್ಕಿಬಿದ್ದವಳು, ಎರಡೇ ನಿಮಿಷ. ಸೋತಳು ಅಂದರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ, ವಿವರಣೆ ಚೆನ್ನಾಗಿ ಬಂತು, ಕೆಲಸ ಉಳಿಯುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವನು ಕಾಗದದ ಮೇಲೆ ಬೆರಳಿಂದ ಎರಡು ಸಲ ಕುಟ್ಟಿದ.

ಅವಳು ಆ ಮೂರು ಅಕ್ಷರವನ್ನು ನೋಡಿದಳು. ಅದನ್ನು ತಾನು ಹೇಳಿದ ಗಳಿಗೆಯಲ್ಲಿ ಅತ್ತೆಯ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೆಣಗಿಸಿದ್ದು ಸಾಕು ಎನಿಸಿತು.

"ಕೇಳಿ," ಎಂದಳು ಮೈಕಿಗೆ. "ನಾನು ಅಖಾಡದ ಹತ್ರ ಇಲ್ಲ. ಇಲ್ಲೇ ಊರಲ್ಲೇ, ಒಂದು ಕೋಣೇಲಿ ಕೂತಿದೀನಿ. ಅಲ್ಲಿಂದ ಒಬ್ಬರು ಫೋನಲ್ಲಿ ಹೇಳ್ತಾರೆ, ನಾನು ನಿಮಗೆ ಹೇಳ್ತೀನಿ. ಐದು ನಿಮಿಷದ ಹಿಂದೆ ಲೈನ್ ಹೋಯ್ತು. ಆಮೇಲೆ ನಾನು ಹೇಳಿದ ಪಟ್ಟು, ಲೇಸು, ಯಾವುದೂ ನಾನು ಕಂಡಿದ್ದಲ್ಲ, ಕೇಳಿದ್ದೂ ಅಲ್ಲ. ಶೂ ಕಥೆ ಮಾತ್ರ ನಿಜ. ಆ ಹುಡುಗಿ ನಮ್ಮನೆಯವಳು. ಯಾರು ಗೆದ್ದರು ಅಂತ ನನಗೂ ಗೊತ್ತಿಲ್ಲ."

ಮ್ಯಾನೇಜರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಮೂವತ್ತು ವರ್ಷ ಕಾಪಾಡಿದ ಗುಟ್ಟು ಹದಿನೈದು ಸೆಕೆಂಡಿನಲ್ಲಿ ಬಯಲಾಗಿತ್ತು. ಗುಂಡಿಯಣ್ಣ ಅವಳನ್ನೇ ನೋಡುತ್ತ, ಯಾರೂ ಹೇಳದೆಯೇ, ಜನರ ಕೂಗಾಟವನ್ನು ಮೆಲ್ಲಗೆ ಪೂರ್ತಿ ಇಳಿಸಿದ. ಮೊದಲ ಬಾರಿಗೆ ಆ ಕೋಣೆಯ ಫ್ಯಾನಿನ ಕಿರುಗುಟ್ಟುವಿಕೆ ಊರಿಗೆಲ್ಲ ಕೇಳಿಸಿತು.

ಅವಳು ಫೋನಿನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದಳು. ಅಜ್ಜನ ಗಂಟು, ಹಲ್ಲು ಹಾಕಬೇಕಾಯಿತು. ಏಳು ವರ್ಷ ಇಂಗ್ಲಿಷನ್ನು ಓದಿ ಬರೆದವಳು, ಆ ಭಾಷೆಯವರ ಜೊತೆ ಒಂದು ಮಾತು ಆಡಿದವಳಲ್ಲ. ಹೆಣಗಾಟಕ್ಕೆ ಹತ್ತಾರು ಇಂಗ್ಲಿಷ್ ಪದ ಬಲ್ಲವಳಿಗೆ ಈಗ ಒಂದು ನೆಟ್ಟನೆಯ ಪ್ರಶ್ನೆಯೂ ನಾಲಿಗೆಗೆ ಬರುತ್ತಿರಲಿಲ್ಲ. ಬೆವರಿದಳು, ತಡವರಿಸಿದಳು, ಕೊನೆಗೆ ಕೂಗಿಬಿಟ್ಟಳು.

"ಹಲೋ, ಸರ್. ದಟ್ ಬ್ಲೂ ಗರ್ಲ್. ಹೂ ವನ್?"

ಆ ಕಡೆ ಮಾತಿನ ಮಧ್ಯೆ ಕಲ್ಲು ಸಿಕ್ಕಿದಂತೆ ಅವನು ನಿಂತ. ಯಾರು ಮಾತಾಡುತ್ತಿರುವುದು ಎಂದು ಕೇಳಿದ. ಅವನಿಗೂ ಈ ಲೈನಿನ ತುದಿಯಲ್ಲಿ ಒಂದು ಬಾಯಿ ಇದೆ ಎಂದು ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಇವಳು ಯಾರೆಂದು ಹೇಳದೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಅವನು ನಕ್ಕ. ನಿಧಾನವಾಗಿ, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ. ಅವಳು ಕೇಳಿಸಿಕೊಂಡಳು. ಗಾಜಿನಾಚೆ ಇಬ್ಬರೂ ಅವಳ ಮುಖಕ್ಕೆ ಕಣ್ಣು ನೆಟ್ಟು ನಿಂತಿದ್ದರು.

"ಗುಬ್ಬಿ ಗೆದ್ದಳು," ಎಂದಳು ಮೈಕಿಗೆ, ಅಳು ನಗು ಎರಡೂ ಒಟ್ಟಿಗೆ ಬಂದು. "ಲೈನ್ ಹೋದ ಹನ್ನೊಂದನೇ ಸೆಕೆಂಡಿಗೆ ಹೊರಳಿ, ಕೆಂಪಿನ ಎರಡೂ ಭುಜ ನೆಲಕ್ಕೆ ಒತ್ತಿದಳಂತೆ. ನಾನು ಇಲ್ಲಿ ಅವಳನ್ನ ಒದ್ದಾಡಿಸ್ತಾ ಇದ್ದಾಗ ಅವಳು ಅಲ್ಲಿ ಆರಾಮಾಗಿ ನೀರು ಕುಡೀತಾ ಇದ್ದಳಂತೆ."

ಆಮೇಲೆ ಆ ಕೋಣೆಯಲ್ಲಿ ಆದ ಗಲಾಟೆಯನ್ನು ಹೇಳಿ ಸುಖವಿಲ್ಲ. ಗುಂಡಿಯಣ್ಣ ಬಾಗಿಲು ನೂಕಿ ಒಳಬಂದು ಅವಳ ಕೈ ಹಿಡಿದು ಕುಲುಕಿದ, ಮೈಕು ಇನ್ನೂ ತೆರೆದಿದೆ ಎಂಬುದನ್ನೂ ಮರೆತು ಕೇಕೆ ಹಾಕಿದ. ಆಚೆ ಆಫೀಸಿನ ಆರೂ ಫೋನುಗಳು ಒಟ್ಟಿಗೆ ಬಾಯಿಬಿಟ್ಟವು. ಮ್ಯಾನೇಜರ್ ಬೈಗುಳಕ್ಕೆ ತಲೆಬಾಗಿಸಿಕೊಂಡೇ ಮೊದಲನೆಯದನ್ನು ಎತ್ತಿದ. ಎತ್ತಿದವನು ಬರೀ ಹೂಂಗುಟ್ಟಿದ, ಹೂಂಗುಟ್ಟುತ್ತಲೇ ಬಂದು ಉದ್ದ ತಂತಿಯ ಆ ಫೋನನ್ನು ಅವಳ ಕೈಗೆ ಕೊಟ್ಟ.

ಆ ಕಡೆ ಹಬೆ ಬುಸುಗುಟ್ಟುತ್ತಿತ್ತು, ಇಪ್ಪತ್ತು ಹೆಂಗಸರು ಒಟ್ಟಿಗೆ ಮಾತಾಡುತ್ತಿದ್ದರು. ಅತ್ತೆ ಎಲ್ಲರನ್ನೂ ಗದರಿಸಿ ಸುಮ್ಮನಾಗಿಸಿದಳು.

"ಶೂ ಬಚ್ಚಿಟ್ಟಿದ್ದನ್ನ ಊರಿಗೆಲ್ಲ ಸಾರಿದೆಯಲ್ಲ, ಅದನ್ನ ಮನೇಲಿ ನೋಡ್ಕೊಳ್ಳೋಣ," ಎಂದಳು. ಆಮೇಲೆ ಫೋನಿನಲ್ಲಿ ಮೂಗೆಳೆಯುವ ಸದ್ದು ಬಂತು. ಅತ್ತೆ ಅಳುವುದನ್ನು ಸೊಸೆ ಈವರೆಗೆ ಕೇಳಿರಲಿಲ್ಲ, ಹಾಗಾಗಿ ಅದು ಅಳುವೆಂದು ತಿಳಿಯಲು ತಡವಾಯಿತು. "ಒಂದು ಮಾತು. ಇನ್ಮೇಲೆ ಲೈನ್ ಹೋದರೆ, ಹೋಯ್ತು ಅಂತ ಹೇಳು. ಸುಮ್ಮನೆ ಇರು ಪರವಾಗಿಲ್ಲ. ನೀನು ಕಾಯೋವಾಗ ನಾವೂ ಕಾಯ್ತೀವಿ."

ಅನುವಾದಕಿ ರಿಸೀವರ್ ಇಟ್ಟು ಕುರ್ಚಿಯಲ್ಲಿ ಕುಸಿದು ಮನಸಾರೆ ಅತ್ತಳು. ಮ್ಯಾನೇಜರ್ ಉಳಿದ ಐದು ಫೋನುಗಳಿಗೂ ಉತ್ತರ ಕೊಟ್ಟು ಬಂದ. ಯಾರೂ ಬೈದಿರಲಿಲ್ಲ. ಇಬ್ಬರು ಗುಬ್ಬಿಯ ಫೈನಲ್ ಎಷ್ಟು ಹೊತ್ತಿಗೆ ಎಂದು ಕೇಳಿದ್ದರು, ಒಬ್ಬಳು ಲೇಸಿಗೂ ಇಸ್ತ್ರಿ ಹಾಕುವ ಆ ತಾಯಿ ಯಾವ ಲಾಂಡ್ರಿಯವಳು ಎಂದು ಕೇಳಿದ್ದಳು, ಇನ್ನಿಬ್ಬರು ಈ ಹೆಂಗಸೇ ಮುಂದೆಯೂ ಹೇಳುತ್ತಾಳೆ ತಾನೆ ಎಂದು ಕೇಳಿ ಫೋನಿಟ್ಟಿದ್ದರು. ಮ್ಯಾನೇಜರ್ ಭಾನುವಾರದ ಕಾರ್ಯಕ್ರಮ ಪಟ್ಟಿಯನ್ನು ತರಿಸಿ, ಇಂಗ್ಲಿಷ್ ಎಂದು ಟೈಪಾಗಿದ್ದ ಜಾಗಕ್ಕೆ ಅಡ್ಡಗೆರೆ ಎಳೆದ. ಮೌನದ ಹತ್ತು ಸೆಕೆಂಡಿನ ವಿಷಯ ಏನು ಮಾಡೋಣ ಎಂದು ಅವನೇ ಸಂಕೋಚದಿಂದ ಕೇಳಿದ. ಕಾಯುತ್ತಾರಂತೆ ಎಂದಳು ಅವಳು.

ನಾಲ್ಕೂವರೆಗೆ ಫೈನಲ್. ಗುಂಡಿಯಣ್ಣ ಕೂಗಾಟದ ಟೇಪನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. ಕೆಂಪು ದೀಪ ಹತ್ತಿತು. ಅವಳು ನೀರು ಕುಡಿದು, ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

"ಲೈನ್ ಚೆನ್ನಾಗಿದೆ," ಎಂದಳು. "ಗುಬ್ಬಿ ಬಂದಳಂತೆ."